ಉತ್ತರದ ಜೊತೆಗೆ ಖಾತ್ರಿಗೂ ಅಂಕ

ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಗುರುತು ಹಾಕುವಾಗ ನೀವು ಎಷ್ಟು ಸಲ ಬರೀ ಊಹೆ ಮಾಡಿದ್ದೀರಿ? ಏನೂ ಓದದವನಿಗೂ ನಾಲ್ಕರಲ್ಲಿ ಒಂದು ಸರಿಯಾಗುವ ಸಾಧ್ಯತೆ ಇದೆ. ಈ ದೋಷ ಬಹು ಆಯ್ಕೆ ಪರೀಕ್ಷೆಯಷ್ಟೇ ಹಳೆಯದು.

ಶಿಕ್ಷಕರು ಕೊಡುವ ಅಂಕಗಳಲ್ಲಿನ ವ್ಯತ್ಯಾಸವನ್ನು ಅಮೆರಿಕದ ಫ್ರೆಡರಿಕ್ ಕೆಲ್ಲಿ 1914ರಲ್ಲಿ ಅಧ್ಯಯನ ಮಾಡಿದರು. 1915ರ ಸುಮಾರಿಗೆ ಅವರು ಕಾನ್ಸಾಸ್‌ನಲ್ಲಿ ರೂಪಿಸಿದ ಓದಿನ ಪರೀಕ್ಷೆ ಬಹು ಆಯ್ಕೆ ಪದ್ಧತಿಗೆ ದಾರಿಯಾಯಿತು. ಅಂಕ ನೀಡಿಕೆಯ ಏರುಪೇರು ತಗ್ಗಿತು, ಊಹೆ ಮಾತ್ರ ಉಳಿಯಿತು. 1932ರಲ್ಲಿ ಕೇಟ್ ಹೆವ್ನರ್ ಸರಿ-ತಪ್ಪು ಪರೀಕ್ಷೆಯಲ್ಲಿ ಉತ್ತರದೊಡನೆ ಅದು ಎಷ್ಟು ಖಾತ್ರಿ ಎಂಬುದನ್ನೂ ಕೇಳಿದರು. ಖಾತ್ರಿಯನ್ನು ಇದ್ದಂತೆ ಹೇಳಿದವನಿಗೇ ಲಾಭವಾಗುವ ಅಂಕಪದ್ಧತಿಯನ್ನು ಇಟಲಿಯ ಗಣಿತಜ್ಞ ಬ್ರೂನೊ ಡಿ ಫಿನೆಟ್ಟಿ 1965ರಲ್ಲಿ ವಿವರಿಸಿದರು.

1990ರ ದಶಕದಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಟೋನಿ ಗಾರ್ಡ್ನರ್-ಮೆಡ್ವಿನ್ ವೈದ್ಯಕೀಯ ವಿದ್ಯಾರ್ಥಿಗಳಿಗಾಗಿ ಇದನ್ನು ಸರಳಗೊಳಿಸಿದರು. ಖಾತ್ರಿಗೆ ಮೂರು ಮಟ್ಟ. ಉತ್ತರ ಸರಿಯಾದರೆ ಕ್ರಮವಾಗಿ 1, 2, 3 ಅಂಕ. ತಪ್ಪಾದರೆ ಮೊದಲ ಮಟ್ಟದಲ್ಲಿ ನಷ್ಟವಿಲ್ಲ. ಎರಡನೆಯದರಲ್ಲಿ 2, ಮೂರನೆಯದರಲ್ಲಿ 6 ಅಂಕ ಕಡಿತ. ಲೆಕ್ಕ ಹಾಕಿ ನೋಡಿ: ಹತ್ತು ಪ್ರಶ್ನೆಗಳಲ್ಲಿ ಐದು ಸರಿ, ಐದು ತಪ್ಪು. ಎಲ್ಲಕ್ಕೂ ಮೊದಲ ಮಟ್ಟ ಹಾಕಿದವನಿಗೆ 5 ಅಂಕ. ಎಲ್ಲಕ್ಕೂ ಮೂರನೆಯದನ್ನು ಹಾಕಿದವನಿಗೆ 15 ಅಂಕ ನಷ್ಟ! ಶೇ. 80ಕ್ಕಿಂತ ಹೆಚ್ಚು ಖಾತ್ರಿ ಇದ್ದರೆ ಮಾತ್ರ ಮೂರನೆಯ ಮಟ್ಟ ಲಾಭಕರ.

ಗೊತ್ತಿಲ್ಲ ಎನ್ನುವುದು ನಾಚಿಕೆಯಲ್ಲ. ಗೊತ್ತಿಲ್ಲವೆಂದು ಅರಿತ ವೈದ್ಯ ಪುಸ್ತಕ ತೆರೆಯುತ್ತಾನೆ, ಇನ್ನೊಬ್ಬರನ್ನು ಕೇಳುತ್ತಾನೆ. ತಪ್ಪನ್ನೇ ಸರಿಯೆಂದು ನಂಬಿದವನು ರೋಗಿಯ ಜೀವಕ್ಕೆ ಅಪಾಯ ತರುತ್ತಾನೆ. ಮುಂದಿನ ಅಭ್ಯಾಸ ಪರೀಕ್ಷೆಯಲ್ಲಿ ಪ್ರತಿ ಉತ್ತರದ ಪಕ್ಕ ನಿಮ್ಮ ಖಾತ್ರಿಯ ಮಟ್ಟವನ್ನು ಬರೆಯಿರಿ. ಮೂರು ಎಂದು ಬರೆದು ತಪ್ಪಿದ ಪ್ರಶ್ನೆಗಳಿಂದಲೇ ಮರುದಿನದ ಓದು ಆರಂಭವಾಗಲಿ.