ಇಂದಿನ ಕಾನೂನು ಯಾವುದು? ಬ್ರಿಟನ್ನಿನ ಕಾಯ್ದೆಗಳು ಜನರ ಕೈಗೆ ಬಂದ ಕಥೆ

‘ಕಾನೂನು ನನಗೆ ಗೊತ್ತಿರಲಿಲ್ಲ’ ಎಂದರೆ ಯಾವ ನ್ಯಾಯಾಲಯವೂ ಒಪ್ಪುವುದಿಲ್ಲ. ಹಾಗಾದರೆ ಅದನ್ನು ತಿಳಿಸುವ ಹೊಣೆ ಆಳುವವರದು. ಇಂಗ್ಲೆಂಡಿನಲ್ಲಿ ಈ ಅರಿವು ಹಳೆಯದು. 1297ರಲ್ಲಿ ಮ್ಯಾಗ್ನಾ ಕಾರ್ಟಾವನ್ನು ದೃಢಪಡಿಸಿದಾಗ, ಅದರ ಪ್ರತಿಗಳನ್ನು ಕೆಥೆಡ್ರಲ್‌ಗಳಿಗೆ ಕಳುಹಿಸಿ ವರ್ಷಕ್ಕೆ ಎರಡು ಸಲ ಜನರೆದುರು ಓದಿಸಬೇಕೆಂದು ಆಜ್ಞೆಯಾಗಿತ್ತು.

ಮುದ್ರಣ ಬಂದ ಮೇಲೆ ಬೇರೊಂದು ತೊಡಕು ಬೆಳೆಯಿತು. ಪಾರ್ಲಿಮೆಂಟು ಹಳೆಯ ಕಾಯ್ದೆಯನ್ನು ಇಡಿಯಾಗಿ ಮತ್ತೆ ಬರೆಯುವುದು ಅಪರೂಪ. ಹಳೆಯದರ ಇಂಥ ಪದ ತೆಗೆದು ಇಂಥದ್ದನ್ನು ಸೇರಿಸಬೇಕೆಂದು ಹೊಸ ಕಾಯ್ದೆ ಹೇಳುತ್ತದೆ. ಈ ತಿದ್ದುಪಡಿಗಳನ್ನೆಲ್ಲ ಜೋಡಿಸಿದ ಪಾಠ ಸಿಗುತ್ತಿದ್ದದ್ದು ವಕೀಲರು ಕೊಳ್ಳುವ ದುಬಾರಿ ಸಂಪುಟಗಳಲ್ಲಿ. 1996ರಿಂದ ಸರ್ಕಾರ ಹೊಸ ಕಾಯ್ದೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಪ್ರಕಟಿಸತೊಡಗಿತು, ಆದರೆ ಅಂಗೀಕಾರವಾದ ದಿನದ ರೂಪದಲ್ಲಿ. ಪರಿಷ್ಕೃತ ಪಾಠಗಳ ಭಂಡಾರ ಸಾರ್ವಜನಿಕರಿಗೆ ತೆರೆದದ್ದು 2006ರ ಡಿಸೆಂಬರಿನಲ್ಲಿ. ಅದರಲ್ಲೂ ಎಷ್ಟೋ ತಿದ್ದುಪಡಿಗಳು ಬಾಕಿಯಿದ್ದವು.

ಇದರ ಅಪಾಯ 2008ರಲ್ಲಿ ಬಯಲಾಯಿತು. ತಂಬಾಕಿನ ಸುಂಕ ವಂಚಿಸಿದವನೊಬ್ಬನ ಮೇಲೆ 66,120 ಪೌಂಡುಗಳ ಜಪ್ತಿ ಆದೇಶವಾಗಿತ್ತು. ಮೇಲ್ಮನವಿಯನ್ನು ವಜಾ ಮಾಡುವ ತೀರ್ಪಿನ ಕರಡೂ ಸಿದ್ಧವಾಗಿತ್ತು. ಆಗ ಸರ್ಕಾರಿ ವಕೀಲರೊಬ್ಬರು ಕರಡನ್ನು ನೋಡಿ, ಆಧಾರವಾಗಿಟ್ಟುಕೊಂಡ ನಿಯಮಗಳು ತಂಬಾಕಿನ ಮಟ್ಟಿಗೆ 2001ರಲ್ಲೇ ಬದಲಾಗಿವೆ ಎಂದು ತೋರಿಸಿದರು. ಎರಡೂ ಕಡೆಯ ವಕೀಲರಿಗಾಗಲಿ ನ್ಯಾಯಾಧೀಶರಿಗಾಗಲಿ ಇದು ತಿಳಿದಿರಲಿಲ್ಲ. ಆದೇಶ ರದ್ದಾಯಿತು. ನ್ಯಾಯಾಲಯಗಳಿಗೇ ಕಾನೂನು ಕೈಗೆಟುಕದ ಸ್ಥಿತಿಯನ್ನು ನ್ಯಾಯಮೂರ್ತಿ ಟೌಲ್ಸನ್ ತಮ್ಮ ತೀರ್ಪಿನಲ್ಲೇ ದಾಖಲಿಸಿದರು.

2010ರ ಜುಲೈನಲ್ಲಿ ನ್ಯಾಷನಲ್ ಆರ್ಕೈವ್ಸ್ ಸಂಸ್ಥೆ ಹೊಸ ಮತ್ತು ಪರಿಷ್ಕೃತ ಪಾಠಗಳೆರಡನ್ನೂ ‘ಲೆಜಿಸ್ಲೇಷನ್ ಡಾಟ್ ಗವ್ ಡಾಟ್ ಯುಕೆ’ ಎಂಬ ಒಂದೇ ತಾಣಕ್ಕೆ ತಂದಿತು. ಬಾಕಿ ತಿದ್ದುಪಡಿಗಳನ್ನು ಸೇರಿಸಲು ಸರ್ಕಾರದ ಹೊರಗಿನ ತಜ್ಞರೂ ಕೈಜೋಡಿಸಿದರು. 1267ರ ಮಾರ್ಲ್‌ಬರೋ ಶಾಸನದ ಉಳಿದ ಭಾಗಗಳಿಂದ ಹಿಡಿದು ಈಚಿನ ಕಾಯ್ದೆಯವರೆಗೆ ಅಲ್ಲಿ ಓದಬಹುದು. ಅನೇಕ ಕಾಯ್ದೆಗಳು ಹಿಂದಿನ ನಿರ್ದಿಷ್ಟ ದಿನದಂದು ಹೇಗಿದ್ದವೆಂದೂ ನೋಡಬಹುದು.

ವಲಸೆ ಬಂದ ನಮಗೆ ಇದು ದೂರದ ವಿಷಯವಲ್ಲ. ನಮ್ಮ ಮಕ್ಕಳ ಪೌರತ್ವವನ್ನು ನಿರ್ಧರಿಸುವ 1981ರ ಬ್ರಿಟಿಷ್ ನ್ಯಾಷನಾಲಿಟಿ ಆಕ್ಟ್ ಹಲವು ಸಲ ತಿದ್ದುಪಡಿಯಾಗಿದೆ. ಅದರ ಮೂಲ ಪಾಠವನ್ನಷ್ಟೇ ನಂಬಿದರೆ ದಾರಿ ತಪ್ಪುತ್ತೇವೆ. ಇಂದೂ ಆ ತಾಣದಲ್ಲಿ ಕಾಯ್ದೆ ತೆರೆದಾಗ, ಇನ್ನೂ ಸೇರಿಸಬೇಕಾದ ಬದಲಾವಣೆಗಳಿದ್ದರೆ ಪುಟದ ಮೇಲ್ಭಾಗದಲ್ಲಿ ಸೂಚನೆ ಇರುತ್ತದೆ. ಕಾಯ್ದೆಗಿಂತ ಮೊದಲು ಓದಬೇಕಾದದ್ದು ಅದನ್ನು.