ಗ್ರಹಣ ಮತ್ತು ಮೂಢನಂಬಿಕೆಗಳು

ಗ್ರಹಣವು ಸೂರ್ಯ, ಭೂಮಿ ಹಾಗೂ ಚಂದ್ರ ಒಂದೇ ಸಾಲಿನಲ್ಲಿ ಬಂದಾಗ ಉಂಟಾಗುವ ನೆರಳಿನ ವಿದ್ಯಮಾನ. ರಾಹುಕೇತುಗಳು ಸೂರ್ಯಚಂದ್ರರನ್ನು ನುಂಗುತ್ತವೆಂಬುದು ಪುರಾಣದ ಕಲ್ಪನೆ. ಕ್ರಿ.ಶ. 499ರ ಸುಮಾರಿಗೆ ರಚಿತವಾದ 'ಆರ್ಯಭಟೀಯ'ದಲ್ಲಿ ಆರ್ಯಭಟನು ಗ್ರಹಣಕ್ಕೆ ನೆರಳೇ ಕಾರಣವೆಂದು ವಿವರಿಸಿದ್ದಾನೆ. ಆದರೂ ಗ್ರಹಣಕಾಲದಲ್ಲಿ ಉಣ್ಣಬಾರದು, ಗರ್ಭಿಣಿಯರು ಹೊರಗೆ ಬರಬಾರದು, ನೀರಿಗೆ ದರ್ಭೆ ಹಾಕಬೇಕು ಎಂಬ ಕಟ್ಟಳೆಗಳು ಇಂದಿಗೂ ಉಳಿದಿವೆ. ಇವುಗಳಿಗೆ ವೈಜ್ಞಾನಿಕ ಆಧಾರವಿಲ್ಲ. 1980ರ ಫೆಬ್ರುವರಿ 16ರಂದು ಸಂಪೂರ್ಣ ಸೂರ್ಯಗ್ರಹಣದ ಪಥವು ಉತ್ತರ ಕರ್ನಾಟಕದ ಮೂಲಕ ಹಾದುಹೋದಾಗ, ಅನೇಕರು ಅಂಜಿ ಬಾಗಿಲು ಮುಚ್ಚಿ ಕುಳಿತು ಆ ಅಪೂರ್ವ ದೃಶ್ಯದಿಂದ ವಂಚಿತರಾದರು. ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದೆಂಬುದು ನಿಜವಾದ ಎಚ್ಚರಿಕೆ. ಸೂಕ್ತ ಸೌರ ಕನ್ನಡಕದಿಂದ ನೋಡಬಹುದು. ಗ್ರಹಣದ ವೇಳೆಯನ್ನು ಪಂಚಾಂಗವೇ ಗಣಿತದಿಂದ ಮೊದಲೇ ತಿಳಿಸುತ್ತದೆ. ಹೀಗೆ ಲೆಕ್ಕಕ್ಕೆ ಸಿಗುವ ನೆರಳಿಗೆ ಹೆದರಿ ಗರ್ಭಿಣಿಯರನ್ನು ಉಪವಾಸವಿರಿಸುವುದು ಸಲ್ಲದು.