ಗೃಹಸ್ವಾಮ್ಯವೂ ಅನಿವಾರ್ಯ ಕ್ಲಬ್ ಸದಸ್ಯತ್ವವೂ: ಎಸ್.ಎಸ್. ಬಡಾವಣೆಯನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ನಿವೇಶನವೊಂದನ್ನು ಕ್ರಯಕ್ಕೆ ಪಡೆದ ಗೃಹಸ್ಥನಿಗೆ ಆ ಕ್ರಯಪತ್ರದ ಮೂಲಕ ಪ್ರಾಪ್ತವಾಗತಕ್ಕುದು ಚಕ್ಕುಬಂದಿಯೊಳಗಣ ನೆಲ ಮಾತ್ರ. ಎ ಬ್ಲಾಕೆಂದೂ ಬಿ ಬ್ಲಾಕೆಂದೂ ವಿಭಕ್ತವಾಗಿ, ಶಾಮನೂರು ಶಿವಶಂಕರಪ್ಪನವರ ಹೆಸರನ್ನು ಹೊತ್ತಿರುವ ಆ ವಸತಿಪ್ರದೇಶದ ಬೀದಿಗಳಾಗಲಿ ಉದ್ಯಾನಗಳಾಗಲಿ ಅವನ ಸ್ವಂತ ಸ್ವತ್ತಲ್ಲ. ಅವು ಸಾರ್ವಜನಿಕವಾದುವಾದ್ದರಿಂದ, ಪಿ.ಜೆ. ಬಡಾವಣೆಯಿಂದಲೋ ಹರಿಹರದಿಂದಲೋ ಬಂದ ಅಪರಿಚಿತನಿಗೆ ಅಲ್ಲಿ ನಡೆದಾಡಲು ಎಷ್ಟು ಅಧಿಕಾರವುಂಟೋ ಎದುರುಮನೆಯ ಯಜಮಾನನಿಗೂ ಅಷ್ಟೇ ಉಂಟು. ಮಹಾನಗರಪಾಲಿಕೆಗೆ ಆಸ್ತಿತೆರಿಗೆಯನ್ನೂ ನೀರಿನ ಕಂದಾಯವನ್ನೂ ಸಲ್ಲಿಸಿದಲ್ಲಿಗೆ ಅವನ ಋಣ ತೀರಿತು. ಇಂತಹ ಬಡಾವಣೆಗಳ ನಿವಾಸಿಗಳು ಕ್ಷೇಮಾಭಿವೃದ್ಧಿ ಸಂಘವೊಂದನ್ನು ಕಟ್ಟಿಕೊಂಡು 1960ರ ಸಂಘಗಳ ನೋಂದಣಿ ಕಾಯಿದೆಯಂತೆ ಅದನ್ನು ದಾಖಲು ಮಾಡಿಸಬಹುದು. ಆದರೆ ಚಂದಾ ಕೊಡದವನ ಮನೆಯ ಹಕ್ಕಿಗೆ ಅದರಿಂದ ಯಾವ ಕುಂದೂ ಬಾರದು.

ಬೆಂಗಳೂರಿನ ಹೊರವಲಯದಲ್ಲಿ ಕಳೆದ ಎರಡು ಮೂರು ದಶಕಗಳಿಂದ ಬೆಳೆದು ನಿಂತಿರುವ ಗೇಟೆಡ್ ಕಮ್ಯುನಿಟಿಗಳ ವ್ಯವಸ್ಥೆ ಇದಕ್ಕೆ ಕೇವಲ ವಿಪರೀತವಾದುದು. ಅಲ್ಲಿ ಮನೆಯ ಬೆಲೆಪಟ್ಟಿಯಲ್ಲಿಯೇ ವಾಹನನಿಲುಗಡೆ, ವಿದ್ಯುತ್ತು, ನೀರು ಎಂಬ ಬಾಬುಗಳ ಸಾಲಿನಲ್ಲಿ ಕ್ಲಬ್ ಮೆಂಬರ್‌ಶಿಪ್ ಎಂಬುದೂ ಒಂದಾಗಿರುವುದು ಸಾಮಾನ್ಯ. ಈಜುಕೊಳದಲ್ಲಿ ಇಳಿಯಲೊಲ್ಲದ ವೃದ್ಧನೂ, ವರ್ಷದಲ್ಲಿ ಹತ್ತು ತಿಂಗಳು ಪರದೇಶದಲ್ಲಿರುವ ಮಾಲೀಕನೂ ಅದನ್ನು ಕೊಡಲೇಬೇಕು. ಇದರ ಪರಿಪಕ್ವರೂಪವನ್ನು ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ ಕಾಣಬಹುದು. ಅಲ್ಲಿಯ ಹಲವು ಯೋಜಿತ ವಸತಿಗಳಲ್ಲಿ ಗಾಲ್ಫ್ ಮೈದಾನವುಳ್ಳ ಕಂಟ್ರಿ ಕ್ಲಬ್ಬಿನ ಸದಸ್ಯನಾಗದೆ ಮನೆಯನ್ನು ಕೊಳ್ಳುವುದೇ ಸಾಧ್ಯವಿಲ್ಲ. ಪ್ರವೇಶಶುಲ್ಕವೂ ವಾರ್ಷಿಕ ಚಂದಾವೂ ಏರುತ್ತ ಹೋದಂತೆ, ಗಾಲ್ಫಿನ ಆಸಕ್ತಿಯಿಳಿದ ಕಾಲದಲ್ಲಿ, ಮನೆಯನ್ನು ಅತ್ಯಲ್ಪ ಬೆಲೆಗಾದರೂ ಮಾರಿ ಚಂದಾದಿಂದ ಪಾರಾದರೆ ಸಾಕೆಂಬ ಸ್ಥಿತಿ ಅಲ್ಲಿಯ ಕೆಲವರಿಗೆ ಒದಗಿತು.

ಕ್ಲಬ್ಬೆಂಬ ಸಂಸ್ಥೆಯ ಪೂರ್ವಚರಿತ್ರೆಯನ್ನು ಬಲ್ಲವರಿಗೆ ಇದು ವಿಚಿತ್ರವಾಗಿ ತೋರದಿರದು. 1868ರ ಬೆಂಗಳೂರು ಕ್ಲಬ್ಬಾಗಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ 1917ರಲ್ಲಿ ಹುಟ್ಟಿದ ಸೆಂಚುರಿ ಕ್ಲಬ್ಬಾಗಲಿ ಉಭಯಪಕ್ಷದ ಇಚ್ಛೆಯ ಮೇಲೆ ನಿಂತವು: ಸೇರಬಯಸುವವನು ಅರ್ಜಿ ಹಾಕಬೇಕು, ಸೇರಿಸಿಕೊಳ್ಳುವವರು ಒಪ್ಪಬೇಕು. ಈ ಎರಡು ಇಚ್ಛೆಗಳನ್ನೂ ತೆಗೆದುಹಾಕಿದ ಮೇಲೆ ಉಳಿಯುವುದು ಚಂದಾ ಒಂದೇ. ಆ ಚಂದಾ ಆಗ ಕರದ ಲಕ್ಷಣವನ್ನು ಪಡೆಯುತ್ತದೆ. ಕರವನ್ನು ವಿಧಿಸುವವನಿಗೆ ಅಧಿಕಾರವೆಲ್ಲಿಂದ ಬಂತೆಂದು ಕೇಳುವುದು ನ್ಯಾಯವೇ ಸರಿ. ಆ ಅಧಿಕಾರವು ಮನೆಯೊಡೆಯರ ಸಮಾನಸ್ವಾಮ್ಯದಿಂದ ಮಾತ್ರ ಹುಟ್ಟಬಲ್ಲುದೆಂಬುದೂ, ಸ್ವಾಮ್ಯವು ಅನ್ಯರಲ್ಲಿದ್ದಾಗ ಕಡ್ಡಾಯವು ನಿರಾಧಾರವೆಂಬುದೂ ಪ್ರಕೃತ ಲೇಖನದ ಪ್ರತಿಪಾದ್ಯ.

ಇಂಗ್ಲೆಂಡಿನ 1848ರ ಟಲ್ಕ್ ವಿರುದ್ಧ ಮಾಕ್ಸೇ ಪ್ರಕರಣವು ನೆಲವನ್ನು ಮುಂದೆ ಕೊಂಡವರನ್ನೂ ಬಂಧಿಸುವ ಕಟ್ಟಳೆಗಳ ಶಾಸ್ತ್ರಕ್ಕೆ ಮೂಲವೆಂಬುದು ವಿದಿತವೇ. ಲಂಡನ್ನಿನ ಲೆಸ್ಟರ್ ಚೌಕದ ನಡುವಣ ಉದ್ಯಾನವನ್ನು 1808ರಲ್ಲಿ ಮಾರಿದ ಟಲ್ಕನು ಅದನ್ನು ಉದ್ಯಾನವಾಗಿಯೇ ಉಳಿಸತಕ್ಕುದೆಂದು ಪತ್ರದಲ್ಲಿ ಬರೆಯಿಸಿದ್ದನು. ಕಟ್ಟಳೆಯನ್ನು ತಿಳಿದೇ ಕೊಂಡವನು ಅದನ್ನು ಮೀರಕೂಡದೆಂದು ನ್ಯಾಯಾಲಯ ತಡೆಯಿತು. ಆ ತೀರ್ಪನ್ನು ಉದ್ಧರಿಸುವವರು ಅದೇ ಪತ್ರದ ಇನ್ನೊಂದು ವಾಕ್ಯವನ್ನು ಬಹುಮಟ್ಟಿಗೆ ಗಮನಿಸುವುದಿಲ್ಲ. ಚೌಕದ ಸುತ್ತಣ ಟಲ್ಕನ ಒಕ್ಕಲುಗಳು ಮಿತವಾದ ಬಾಡಿಗೆಯನ್ನು ತೆತ್ತು, ಸ್ವಂತ ಖರ್ಚಿನಲ್ಲಿ ಬೀಗದ ಕೈ ಮಾಡಿಸಿಕೊಂಡು, ಉದ್ಯಾನವನ್ನು ಪ್ರವೇಶಿಸಬಹುದೆಂದು ಅದು ಹೇಳುತ್ತಿತ್ತು. ಬೀಗದ ಕೈ ಬೇಡವೆಂದವನಿಗೆ ಬಾಡಿಗೆಯೂ ಇಲ್ಲ. ಹಣ ಕೊಡಬೇಕೆಂಬ ವಿಧ್ಯಾತ್ಮಕ ಕಟ್ಟಳೆಗೆ ಬೇಕಾದ ಸಮರ್ಥನೆಯು 1938ರ ನ್ಯೂಯಾರ್ಕಿನ ನೆಪಾನ್ಸಿಟ್ ತೀರ್ಪಿನಲ್ಲಿ ದೊರೆಯಿತು: ಪ್ರತಿ ನಿವೇಶನಕ್ಕೆ ವರ್ಷಕ್ಕೆ 4 ಡಾಲರಿಗೆ ಮೀರದ ವಂತಿಗೆಯು ನೆಲದೊಡನೆಯೇ ಸಾಗುವುದೆಂದು ಅಲ್ಲಿಯ ಉಚ್ಚ ನ್ಯಾಯಪೀಠ ನಿರ್ಣಯಿಸಿತು. ನಿವೇಶನದೊಡೆಯರಿಗೆ ರಸ್ತೆ, ಉದ್ಯಾನ, ಕಡಲತೀರಗಳಲ್ಲಿ ಸಮಾನಭೋಗದ ಹಕ್ಕು ಲಭಿಸಿದೆ, ಹಣವನ್ನು ವಸೂಲು ಮಾಡುವ ಸಂಘವು ಅವರದೇ ಸಾಧನ ಎಂಬುದು ಅದಕ್ಕೆ ಕೊಟ್ಟ ಕಾರಣ.

ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯ ಹಿಂದೆಯೂ ಇದೇ ನ್ಯಾಯ ನಿಂತಿದೆ. ಸಾಮಾನ್ಯ ಪ್ರದೇಶಗಳನ್ನು ನಾನು ಬಳಸುವುದಿಲ್ಲವೆಂದು ಬಿಟ್ಟುಕೊಟ್ಟರೂ, ಮನೆಯನ್ನೇ ತ್ಯಜಿಸಿದರೂ, ಸಾಮಾನ್ಯ ವೆಚ್ಚದ ಪಾಲಿನಿಂದ ಒಡೆಯನು ಬಿಡುಗಡೆ ಹೊಂದಲಾರನೆಂದು ಅದು ಸ್ಪಷ್ಟವಾಗಿ ವಿಧಿಸುತ್ತದೆ. ಬಾಕಿಯು ಮನೆಯ ಮೇಲಣ ಋಣಭಾರವಾಗುತ್ತದೆ. ಕಠಿಣವಾದ ವಿಧಿ, ಸಂದೇಹವಿಲ್ಲ. ಆದರೆ ಈಜುಕೊಳದಲ್ಲಿ ಆ ವೃದ್ಧನಿಗೂ ಅವಿಭಕ್ತವಾದ ಪಾಲುಂಟು. ಅದರ ಗೋಡೆ ಬಿರಿದರೆ ನಷ್ಟ ಅವನದೂ ಅಹುದು. ಚಂದಾ ಎಷ್ಟಿರಬೇಕೆಂಬುದರಲ್ಲಿ ಅವನಿಗೆ ಮತವೂ ಉಂಟು. 2016ರ ರೇರಾ ಎಂಬ ಸ್ಥಿರಾಸ್ತಿ ನಿಯಂತ್ರಣ ಕಾಯಿದೆಯು ಯೋಜನೆಯಲ್ಲಿ ಒದಗಿಸಿದ ಸಮುದಾಯ ಸೌಕರ್ಯಗಳನ್ನು ಸಾಮಾನ್ಯ ಪ್ರದೇಶದ ನಿರ್ವಚನದೊಳಗೆ ಸೇರಿಸಿ, ಅವುಗಳ ಹಕ್ಕನ್ನು ನಿವಾಸಿಗಳ ಸಂಘಕ್ಕೆ ವರ್ಗಾಯಿಸಬೇಕೆಂದು 17ನೆಯ ಕಲಮಿನಲ್ಲಿ ನಿರ್ಮಾಪಕನನ್ನು ಕಟ್ಟಿಹಾಕಿದುದೂ, ಸಂಘದ ರಚನೆಯಲ್ಲಿ ಭಾಗಿಯಾಗುವುದನ್ನು 19ನೆಯ ಕಲಮಿನಲ್ಲಿ ಕೊಂಡವನ ಕರ್ತವ್ಯಗಳಲ್ಲಿ ಒಂದಾಗಿಸಿದುದೂ ಈ ದೃಷ್ಟಿಯಿಂದಲೇ ಅರ್ಥವತ್ತಾಗಿವೆ.

ತೊಡಕಿರುವುದು ನಿರ್ಮಾಪಕನು ಕ್ಲಬ್ಬಿನ ಕಟ್ಟಡವನ್ನೂ ನೆಲವನ್ನೂ ತನ್ನಲ್ಲಿಯೇ ಇರಿಸಿಕೊಂಡು ಸದಸ್ಯತ್ವವನ್ನು ಮಾತ್ರ ಮಾರುವಲ್ಲಿ. ಆಗ ಮನೆಯೊಡೆಯನು ತೆರುವುದು ತನ್ನ ಸ್ವತ್ತಿನ ಪೋಷಣೆಗಲ್ಲ, ಪರಸ್ವತ್ತಿನ ಲಾಭಕ್ಕೆ; ದರವನ್ನು ಏರಿಸುವಾಗ ಅವನ ಮಾತನ್ನು ಕೇಳುವವರಿಲ್ಲ. ಸಂವಿಧಾನದ 19ನೆಯ ಅನುಚ್ಛೇದದ ಸಂಘಸ್ವಾತಂತ್ರ್ಯವು ಇಲ್ಲಿ ನೇರವಾಗಿ ನೆರವಿಗೆ ಬಾರದು, ಏಕೆಂದರೆ ಎದುರುಪಕ್ಷ ಸರ್ಕಾರವಲ್ಲ. ಒಪ್ಪಿ ಸಹಿಹಾಕಿದ್ದೀಯಲ್ಲವೆಂಬ ವಾದವೂ ಸುಲಭವಾಗಿ ತಳ್ಳಿಹಾಕುವಂತಹುದಲ್ಲ. 2005ರ ಜೊರಾಸ್ಟ್ರಿಯನ್ ಸಹಕಾರ ಗೃಹನಿರ್ಮಾಣ ಸಂಘದ ಪ್ರಕರಣದಲ್ಲಿ, ಸದಸ್ಯನು ತಾನಾಗಿ ಸೇರಿದ ಸಂಘದ ಉಪವಿಧಿಗೆ ಅವನು ಬದ್ಧನೆಂದೇ ಸರ್ವೋಚ್ಚ ನ್ಯಾಯಾಲಯ ಹೇಳಿತು. ಆದರೆ 2019ರ ಪಯನಿಯರ್ ಅರ್ಬನ್ ತೀರ್ಪಿನಲ್ಲಿ ಅದೇ ನ್ಯಾಯಾಲಯವು, ನಿರ್ಮಾಪಕನು ಅಚ್ಚುಹಾಕಿಸಿದ ಏಕಪಕ್ಷೀಯ ಕರಾರಿಗೆ ಕೊಳ್ಳುವವನು ಬೇರೆ ದಾರಿಯಿಲ್ಲದೆ ಸಹಿಹಾಕಿದ್ದರೆ ಅದು ಅವನನ್ನು ಬಂಧಿಸದೆಂದಿತು. ಪರಸ್ವಾಮ್ಯದ ಕ್ಲಬ್ಬಿಗೆ ಕಡ್ಡಾಯವಾಗಿ ಸೇರಿಸುವ ಕರಾರು ಈ ಎರಡನೆಯ ವರ್ಗಕ್ಕೆ ಸಲ್ಲತಕ್ಕುದೆಂದು ನಮ್ಮ ಅಭಿಪ್ರಾಯ.

ಬಲವಂತದ ವಂತಿಗೆಯು ನಮ್ಮ ಊರುಗಳಿಗೆ ಹೊಸತೇನೂ ಅಲ್ಲ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುರ್ಗಾಂಬಿಕೆಯ ಜಾತ್ರೆ ನಡೆಯುತ್ತದೆ. ಇಂಥ ಜಾತ್ರೆಗಳಿಗೆ ಪಟ್ಟಿ ಎತ್ತಲು ಬಂದವರನ್ನು ಬರಿಗೈಯಲ್ಲಿ ಕಳುಹಿಸುವುದು ಓಣಿಯಲ್ಲಿ ಬಾಳುವವನಿಗೆ ಸುಲಭವಲ್ಲ. ಆದರೂ ಆ ಬಲವಂತವು ಮುಖದಾಕ್ಷಿಣ್ಯದ್ದು. ಕೊಡದವನನ್ನು ಆಡಿಕೊಂಡಾರು, ಅವನ ಮನೆಯನ್ನು ಹರಾಜಿಗಿಡಲಾರರು. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಸುತ್ತ ಬೆಳೆದ ಯಂತ್ರಾಪುರದಂತಹ ಕಾರ್ಮಿಕ ವಸತಿಗಳ ಸಂಗತಿ ಬೇರೆ. ಕಂಪನಿಯ ಮನೆಯಲ್ಲಿ ವಾಸಿಸುತ್ತಿದ್ದವನಿಗೆ ಸ್ವಾಮ್ಯವೇ ಇರಲಿಲ್ಲವಾದ್ದರಿಂದ ಈ ಪ್ರಶ್ನೆ ಅಲ್ಲಿ ಹುಟ್ಟಲಿಲ್ಲ.

ಸದಸ್ಯತ್ವವಿಲ್ಲದಿದ್ದರೆ ಸೌಕರ್ಯದ ಮೇಲೆ ಹಿಡಿತವೇ ಇರದೆಂಬ ಆಕ್ಷೇಪಕ್ಕೆ ಉತ್ತರ ಬೆಂಗಳೂರಿನಲ್ಲಿಯೇ ಇದೆ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಾದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಹಂಚಿದಾಗ ಅಲ್ಲಿಯ ನಿವಾಸಿಗಳು ದಾವೆ ಹೂಡಿದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಮುದ್ದಪ್ಪ ಎಂಬ 1991ರ ಆ ಪ್ರಕರಣದಲ್ಲಿ ಹಂಚಿಕೆ ರದ್ದಾಯಿತು. ಅವರು ಉದ್ಯಾನದ ಒಡೆಯರಲ್ಲ, ಅದಕ್ಕಾಗಿ ಚಂದಾ ತೆತ್ತವರೂ ಅಲ್ಲ. ನಿವಾಸಿಗಳೆಂಬುದೊಂದೇ ಅವರ ದಾವೆಗೆ ಸಾಕಾಯಿತು. ಎಸ್.ಎಸ್. ಬಡಾವಣೆಯ ಗೃಹಸ್ಥನು ಕಡ್ಡಾಯ ಚಂದಾವಿಲ್ಲದೆ ಪಡೆದಿರುವ ಹಕ್ಕು ಈ ಜಾತಿಯದು. ಪಾಲಿಕೆಯು ಅವನ ಬಡಾವಣೆಯ ಉದ್ಯಾನಕ್ಕೆ ನಿತ್ಯ ನೀರುಣಿಸುವುದೇ ಎಂಬುದು ಬೇರೆಯ ಮಾತು.

ಸಮಾನಸ್ವಾಮ್ಯಕ್ಕೂ ಪರಸ್ವಾಮ್ಯಕ್ಕೂ ಇರುವ ಭೇದವು ಕಣ್ಣಿಗೆ ಕಟ್ಟುವಂತೆ ಕಾಣುವುದು ಮನೆಯನ್ನು ಮರುಮಾರಾಟ ಮಾಡುವ ಹೊತ್ತಿನಲ್ಲಿ. ಸಬ್‌ರಿಜಿಸ್ಟ್ರಾರರ ಕಛೇರಿಯಿಂದ ತೆಗೆಸುವ ಋಣಭಾರಪತ್ರದಲ್ಲಿ (ಇ.ಸಿ.) ನೋಂದಣಿಯಾದ ವ್ಯವಹಾರಗಳು ಕಂಡಾವೇ ಹೊರತು ತಿಂಗಳ ಚಂದಾದ ಬಾಕಿ ಕಾಣದು. 1972ರ ಕಾಯಿದೆಗೊಳಪಟ್ಟ ಮನೆಯಾದರೆ, ಹಿಂದಿನ ಬಾಕಿಗೆ ಮಾರಿದವನೊಡನೆ ಕೊಂಡವನೂ ಹೊಣೆಯಾಗುತ್ತಾನೆ. ಆದರೆ ಬಾಕಿಯೆಷ್ಟೆಂಬ ಲೆಕ್ಕವನ್ನು ಸಂಘದಿಂದ ಮೊದಲೇ ಬರೆಯಿಸಿಕೊಳ್ಳುವ ಹಕ್ಕೂ, ಆ ಲೆಕ್ಕಕ್ಕೆ ಮೀರಿದ ಹೊಣೆಯಿಂದ ರಕ್ಷಣೆಯೂ ಅದೇ ಕಾಯಿದೆಯಿಂದ ಅವನಿಗೆ ಲಭಿಸಿವೆ. ನಿರ್ಮಾಪಕನ ಸ್ವಂತ ಕ್ಲಬ್ಬಿನ ವಿಷಯದಲ್ಲಿ ಅಂತಹ ಲೆಕ್ಕವನ್ನು ಈ ಕಾಯಿದೆಯ ಬಲದಿಂದ ಕೇಳುವ ಅಧಿಕಾರ ಕೊಂಡವನಿಗಿಲ್ಲ. ಹಳೆಯ ಒಡೆಯನ ಸದಸ್ಯತ್ವ ತನಗೆ ಸಂದೀತೇ, ಹೊಸ ಪ್ರವೇಶಶುಲ್ಕವನ್ನು ತೆರಬೇಕಾದೀತೇ ಎಂಬುದನ್ನು ಆತನು ಕ್ಲಬ್ಬಿನ ಕಛೇರಿಯಲ್ಲಿ ವಿಚಾರಿಸಿಯೇ ತಿಳಿಯಬೇಕು.